ಸ್ಮಾರಕ ಕಾನೂನಿನ ಕಾರ್ಯಾಗಾರ ನಡೆಸಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಗುಡಿ, ಕೋಟೆ, ಕಟ್ಟಡಗಳಿಗೆ ಸಂಬಂಧಪಟ್ಟ ಕಾನೂನನ್ನು ಊರಿನ ಜನರಿಗೆ ತಿಳಿಸಬೇಕು ಅಂತ ಹೊರಟವರು ಕೇಳಿದ ಪ್ರಶ್ನೆಗಳಿವು. ಮೇಷ್ಟ್ರುಗಳು, ಪಂಚಾಯಿತಿ ಸದಸ್ಯರು, ಇತಿಹಾಸ ಬಳಗದವರು, ಎಂಜಿನಿಯರ್‌ಗಳು ಮಾತಿನಲ್ಲೋ ಪತ್ರದಲ್ಲೋ ಕೇಳಿದ್ದನ್ನು ಅವರ ಮಾತಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ.

## ಶುರು ಮಾಡುವ ಮುಂಚೆ

ಕಾನೂನು ಅಂದ್ರೆ ವಕೀಲರ ವಿಷಯ ಅಲ್ವಾ? ಊರಿನವರಿಗೆ ಯಾಕೆ ಕಾರ್ಯಾಗಾರ?

ವಕೀಲರ ಹತ್ತಿರ ವಿಷಯ ಹೋಗುವುದು ನೋಟಿಸ್ ಬಂದ ಮೇಲೆ. ಅಷ್ಟೊತ್ತಿಗೆ ಪಿಲ್ಲರ್ ಎದ್ದಿರುತ್ತದೆ, ಬ್ಯಾಂಕಿನ ಸಾಲ ಆಗಿರುತ್ತದೆ. ಪಾಯ ತೋಡುವ ಮುಂಚೆ ತೀರ್ಮಾನ ಮಾಡುವವರು ಮನೆ ಯಜಮಾನರು, ಮೇಸ್ತ್ರಿ, ಪಂಚಾಯಿತಿ, ದೇವಸ್ಥಾನದ ಸಮಿತಿ. ಕಾನೂನು ಗೊತ್ತಿರಬೇಕಾದ್ದು ಇವರಿಗೆ.

ಪರಂಪರೆ ಕಾಪಾಡುವುದು ಪ್ರತಿ ನಾಗರಿಕರ ಕರ್ತವ್ಯ ಅಂತ ಸಂವಿಧಾನದ 51ಎ ವಿಧಿ ಹೇಳುತ್ತದೆ, ನಿಜ. ಆದರೆ ದಯವಿಟ್ಟು ಕಾರ್ಯಾಗಾರವನ್ನು ಆ ಸಾಲಿನಿಂದ ಶುರು ಮಾಡಬೇಡಿ. ಎಲ್ಲರೂ ತಲೆ ಆಡಿಸುತ್ತಾರೆ, ಯಾರ ಪ್ರಶ್ನೆಗೂ ಉತ್ತರ ಸಿಕ್ಕಿರುವುದಿಲ್ಲ. "ನಿಮ್ಮ ಮನೆ ಸ್ಮಾರಕದಿಂದ ಎಷ್ಟು ದೂರ?" ಅಂತ ಕೇಳಿ ಶುರು ಮಾಡಿ.

ಎಣಿಸಿದ್ರೆ ಐದಾರು ಕಾಯ್ದೆ ಇದಾವೆ. ಯಾವುದನ್ನ ಹೇಳಿಕೊಡಬೇಕು?

ಒಂದನ್ನು ಪೂರ್ತಿ, ಉಳಿದವನ್ನು ಪರಿಚಯದ ಮಟ್ಟಕ್ಕೆ. ಪೂರ್ತಿ ಹೇಳಬೇಕಾದ್ದು ನಿಮ್ಮ ಊರಿನ ಸ್ಮಾರಕಕ್ಕೆ ಅನ್ವಯಿಸುವ ಕಾಯ್ದೆ. ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ, ಅಂದರೆ ಜನ ಎಎಸ್ಐ ಅನ್ನುವ ಇಲಾಖೆ, ನೋಡಿಕೊಳ್ಳುವ ಸ್ಮಾರಕವಾದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ, ಅದರ 2010ರ ತಿದ್ದುಪಡಿ ಸಮೇತ. ರಾಜ್ಯದ ಪುರಾತತ್ವ ಇಲಾಖೆಯದಾದರೆ ಕರ್ನಾಟಕದ 1961ರ ಕಾಯ್ದೆ. ಹಂಪಿ ಪ್ರದೇಶಕ್ಕೆ ಇವುಗಳ ಜೊತೆ 2002ರ ಪ್ರತ್ಯೇಕ ಪ್ರಾಧಿಕಾರ ಕಾಯ್ದೆಯೂ ಇದೆ.

ಮೂರ್ತಿ, ತಾಳೆಗರಿ, ಹಳೆಯ ಒಡವೆಗಳಂಥ ಎತ್ತಿಕೊಂಡು ಹೋಗಬಹುದಾದ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಬೇರೆಯೇ ಇದೆ. ಅದಕ್ಕೆ ಅರ್ಧ ಗಂಟೆ ಸಾಕು.

ನಮ್ಮೂರ ಗುಡಿ ಸಂರಕ್ಷಿತವೋ ಅಲ್ಲವೋ ಅಂತ ತಿಳಿಯೋದು ಹೇಗೆ?

ನೀಲಿ ಬೋರ್ಡ್ ಇದ್ದರೆ ಸುಳಿವು ಸಿಕ್ಕಿತು, ಅಷ್ಟೇ. ಬೋರ್ಡ್ ಇಲ್ಲ ಅಂದ ಮಾತ್ರಕ್ಕೆ ಸಂರಕ್ಷಿತ ಅಲ್ಲ ಅಂತ ತಿಳಿಯಬೇಡಿ. ಗಾಳಿಗೆ ಬಿದ್ದಿರಬಹುದು, ಯಾರೋ ದನದ ಕೊಟ್ಟಿಗೆಗೆ ತಗಡಾಗಿ ಒಯ್ದಿರಬಹುದು. ಲೆಕ್ಕಕ್ಕೆ ಬರುವುದು ಅಧಿಸೂಚನೆ, ಅಂದರೆ ಇದು ಸಂರಕ್ಷಿತ ಅಂತ ಸರ್ಕಾರ ಹೊರಡಿಸಿದ ಪ್ರಕಟಣೆ. ಎಎಸ್ಐ ಪಟ್ಟಿಯಲ್ಲಿ ದೇಶದಲ್ಲಿ ಸುಮಾರು 3,700 ಸ್ಮಾರಕಗಳಿವೆ. ಕರ್ನಾಟಕದಲ್ಲಿ ಇವುಗಳನ್ನು ಬೆಂಗಳೂರು, ಧಾರವಾಡ, ಹಂಪಿ ವಲಯಗಳು ನೋಡಿಕೊಳ್ಳುತ್ತವೆ. ರಾಜ್ಯ ಇಲಾಖೆಯ ಪಟ್ಟಿ ಬೇರೆ.

ಕಾರ್ಯಾಗಾರಕ್ಕೆ ಮುಂಚೆಯೇ ಅಧಿಸೂಚನೆಯ ಪ್ರತಿ ತರಿಸಿಕೊಳ್ಳಿ, ಸರ್ವೆ ನಂಬರ್ ಸಮೇತ. ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಇದಿಲ್ಲದೆ ದಿನಾಂಕ ಗೊತ್ತು ಮಾಡಬೇಡಿ. ಜನ ಕೇಳುವ ಮೊದಲ ಪ್ರಶ್ನೆಗೇ "ನೋಡಿ ಹೇಳ್ತೀವಿ" ಅನ್ನಬೇಕಾಗುತ್ತದೆ.

"ಎಲ್ಲರಿಗೂ ಮುಕ್ತ ಪ್ರವೇಶ" ಅಂತ ಹಾಕಿದ್ರೆ ಸಾಕಾ? ಯಾರು ಬರ್ತಾರೆ?

ಹಾಗೆ ಹಾಕಿದರೆ ಇತಿಹಾಸದ ಆಸಕ್ತರು ಬರುತ್ತಾರೆ. ಅವರು ಬಂದೇ ಬರುತ್ತಾರೆ, ಬೇಡ ಅಂದರೂ ಬರುತ್ತಾರೆ. ಬರಬೇಕಾದವರು ಬರುವುದಿಲ್ಲ. ಸ್ಮಾರಕದ ಸುತ್ತ ಮನೆ ಇರುವವರು, ಮನೆ ಕಟ್ಟುವ ಮೇಸ್ತ್ರಿಗಳು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅರ್ಚಕರು, ಸಮಿತಿಯ ಖಜಾಂಚಿ, ಹತ್ತಿರದ ಅಂಗಡಿಯವರು: ಇವರನ್ನು ಮನೆಗೆ ಹೋಗಿ ಕರೆಯಬೇಕು. ಮೇಸ್ತ್ರಿಗಳಿಗೆ ಒಂದು ದಿನದ ಕೂಲಿ ತಪ್ಪುತ್ತದೆ ಅನ್ನುವುದು ನೆನಪಿರಲಿ. ಅದನ್ನು ಕಟ್ಟಿಕೊಡಲು ಆಗದಿದ್ದರೆ ಅವರಿಗೆ ಕೆಲಸ ಇಲ್ಲದ ದಿನ ಇಟ್ಟುಕೊಳ್ಳಿ.

ಯಾವಾಗ ಇಟ್ಟುಕೊಳ್ಳೋದು ಒಳ್ಳೇದು? ಏಪ್ರಿಲ್ 18ಕ್ಕಾ, ನವೆಂಬರ್ ಸಪ್ತಾಹಕ್ಕಾ?

ಏಪ್ರಿಲ್ 18ರ ಸ್ಮಾರಕ ದಿನ, ನವೆಂಬರ್ 19ರಿಂದ 25ರ ಪರಂಪರೆ ಸಪ್ತಾಹ ಎರಡೂ ಪ್ರಚಾರಕ್ಕೆ ಚೆನ್ನ. ಆದರೆ ಆ ದಿನಗಳಲ್ಲಿ ಇಲಾಖೆಯವರಿಗೆ ತಮ್ಮದೇ ಕಾರ್ಯಕ್ರಮಗಳಿರುತ್ತವೆ. ನಿಮಗೆ ಅಧಿಕಾರಿ ಅರ್ಧ ದಿನ ಕೂತು ಉತ್ತರ ಕೊಡಬೇಕಾದರೆ ಬೇರೆ ದಿನ ಹುಡುಕಿ. ಬೇಸಿಗೆಯಲ್ಲಿ ಜನ ಮನೆ ಕೆಲಸ ಶುರು ಮಾಡುವುದಕ್ಕೆ ಸ್ವಲ್ಪ ಮುಂಚೆ ಮಾಡಿದರೆ ಪ್ರಶ್ನೆಗಳು ತಾವಾಗೇ ಬರುತ್ತವೆ.

## ಕಾರ್ಯಾಗಾರದ ದಿನ

ಸ್ಮಾರಕದ ಅಂಗಳದಲ್ಲೇ ಶಾಮಿಯಾನ ಹಾಕಿ ನಡೆಸಬಹುದಾ?

ಅನುಮತಿ ಇಲ್ಲದೆ ಆಗದು. 1959ರ ನಿಯಮಗಳ ಪ್ರಕಾರ, ಸಂರಕ್ಷಿತ ಸ್ಮಾರಕದಲ್ಲಿ ಸಭೆ, ಸಮಾರಂಭ, ಸಮ್ಮೇಳನ ನಡೆಸಲು ಕೇಂದ್ರ ಸರ್ಕಾರದ ಲಿಖಿತ ಅನುಮತಿ ಬೇಕು. ಅಡುಗೆ, ಊಟಕ್ಕೂ ನಿರ್ಬಂಧ ಇದೆ. ಕಾನೂನು ಹೇಳಿಕೊಡಲು ಹೋದವರೇ ಕಂಬದ ಪಕ್ಕ ಪುಳಿಯೋಗರೆ ಹಂಚಿದರೆ ಚೆನ್ನಾಗಿರಲ್ಲ, ಅಲ್ವಾ?

ಸುಲಭದ ದಾರಿ: ಶಾಲೆಯಲ್ಲೋ ಸಮುದಾಯ ಭವನದಲ್ಲೋ ಕೂರಿಸಿ, ಸ್ಮಾರಕಕ್ಕೆ ಎಲ್ಲರಂತೆ ನೋಡಲು ಕರೆದುಕೊಂಡು ಹೋಗಿ. ಹೋಗುವ ಮುಂಚೆ ಅಲ್ಲಿನ ಸಿಬ್ಬಂದಿಗೆ ಒಂದು ಮಾತು ತಿಳಿಸಿ.

100 ಮೀಟರ್, 200 ಮೀಟರ್ ಅಂತಾರೆ. ಎಷ್ಟು ಹೇಳಿದ್ರೂ ಜನಕ್ಕೆ ಗೊಂದಲ. ಹೇಗೆ ಅರ್ಥ ಮಾಡಿಸೋದು?

ಸ್ಲೈಡ್ ಮುಚ್ಚಿ, ಅಳತೆ ಟೇಪ್ ಹಿಡಿದು ಬೀದಿಗೆ ಹೋಗಿ. ಇಡೀ ಕಾರ್ಯಾಗಾರದಲ್ಲಿ ಇದೊಂದು ಸರಿಯಾಗಿ ಆದರೂ ದುಡ್ಡು ವಸೂಲಿ.

ಮೊದಲು ವಿಷಯ. ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ ಎಲ್ಲ ದಿಕ್ಕಿಗೂ ಕನಿಷ್ಠ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿಂದ ಮುಂದೆ ಮತ್ತೆ ಕನಿಷ್ಠ 200 ಮೀಟರ್ ನಿಯಂತ್ರಿತ ಪ್ರದೇಶ. ಒಟ್ಟು 300. ಜನ ಒಟ್ಟು 200 ಅಂದುಕೊಳ್ಳುವುದು ಮಾಮೂಲು. ಇನ್ನೊಂದು ಮಾಮೂಲು ತಪ್ಪು, ಗೋಪುರದಿಂದ ಅಳೆಯುವುದು. ಗೋಪುರ ಲೆಕ್ಕಕ್ಕಿಲ್ಲ. ಅಧಿಸೂಚನೆಯಲ್ಲಿರುವ ಸಂರಕ್ಷಿತ ಜಾಗದ ಅಂಚಿನಿಂದ ಅಳೆಯಬೇಕು. ಕಣ್ಣಿಗೆ ಕಾಣುವ ಕಾಂಪೌಂಡೇ ಆ ಅಂಚು ಅಂತ ಹೇಳಲಾಗದು. ಬೀದಿ ಸುತ್ತಿ ಬರುವ ದೂರವೂ ಅಲ್ಲ, ನೇರ ದೂರ.

ಆಮೇಲೆ ಆಟ. ಸೀಮೆಸುಣ್ಣದಲ್ಲಿ 100ಕ್ಕೆ ಒಂದು ಗೆರೆ, 300ಕ್ಕೆ ಇನ್ನೊಂದು ಗೆರೆ ಎಳೆಯಿರಿ. ಮೂರು ಚೀಟಿ ಕೊಡಿ. ಮೊದಲ ಚೀಟಿ: ಗಡಿಯಿಂದ 60 ಮೀಟರ್, 1985ರ ಮನೆ, ಮಾಡು ಸೋರುತ್ತಿದೆ. ಎರಡನೆಯದು: 80 ಮೀಟರ್, ಖಾಲಿ ಸೈಟು, ಮಗಳ ಮದುವೆಗೆ ಮುಂಚೆ ಮನೆ ಕಟ್ಟಬೇಕು. ಮೂರನೆಯದು: 220 ಮೀಟರ್, ಎರಡಂತಸ್ತಿನ ಹೊಸ ಮನೆ. ಗುಂಪಿನವರೇ ತೀರ್ಪು ಕೊಡಲಿ.

ಮೊದಲನೆಯವರು ದುರಸ್ತಿಗೆ ಅರ್ಜಿ ಹಾಕಬಹುದು. 1992ರ ಜೂನ್ 16ಕ್ಕಿಂತ ಮುಂಚೆ ಇದ್ದ ಕಟ್ಟಡ ಅಂತ ತೋರಿಸಬೇಕು. ಹಳೆಯ ಕಂದಾಯದ ರಸೀದಿ, ಕರೆಂಟ್ ಬಿಲ್ ಇಲ್ಲಿ ಕೆಲಸಕ್ಕೆ ಬರುತ್ತವೆ. ಆದರೆ ದುರಸ್ತಿ ಹೆಸರಲ್ಲಿ ಮೇಲೊಂದು ಮಹಡಿ ಎತ್ತುವ ಹಾಗಿಲ್ಲ. ಎರಡನೆಯವರಿಗೆ ಅಲ್ಲಿ ಹೊಸ ಮನೆ ಆಗದು. ಇದನ್ನು ಮೆತ್ತಗೆ, ಆದರೆ ನೇರವಾಗಿ ಹೇಳಿ. "ಹೇಗೋ ಮಾಡಿಸಬಹುದು" ಅನ್ನುವ ಏಜೆಂಟರ ಬಾಯಿಗೆ ಇವರೇ ಬೀಳುವುದು. ಮೂರನೆಯವರು ಅರ್ಜಿ ಹಾಕಿ ಅನುಮತಿ ಪಡೆದು ಕಟ್ಟಬಹುದು. ಎತ್ತರಕ್ಕೆ, ವಿನ್ಯಾಸಕ್ಕೆ ಷರತ್ತು ಬರಬಹುದು.

ಒಂದು ಎಚ್ಚರಿಕೆ. ಈ ಲೆಕ್ಕ ರಾಷ್ಟ್ರೀಯ ಪ್ರಾಮುಖ್ಯದ, ಅಂದರೆ ಕೇಂದ್ರ ಸಂರಕ್ಷಿತ ಸ್ಮಾರಕಗಳದ್ದು. ರಾಜ್ಯ ಇಲಾಖೆಯ ಸ್ಮಾರಕಕ್ಕೆ ಇದನ್ನೇ ಸುಮ್ನೆ ಅಂಟಿಸಬೇಡಿ.

ಅರ್ಜಿ ಯಾರಿಗೆ ಹಾಕೋದು, ಎಷ್ಟು ದಿನ ಕಾಯಬೇಕು?

ಸಕ್ಷಮ ಪ್ರಾಧಿಕಾರ ಅನ್ನುವ ಅಧಿಕಾರಿಗೆ. ಅವರು ಅರ್ಜಿಯನ್ನು 15 ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಪ್ರಾಧಿಕಾರ ಎರಡು ತಿಂಗಳಲ್ಲಿ ಅಭಿಪ್ರಾಯ ತಿಳಿಸಬೇಕು. ಅದು ಬಂದ ಒಂದು ತಿಂಗಳಲ್ಲಿ ಸಕ್ಷಮ ಪ್ರಾಧಿಕಾರ ಆದೇಶ ಕೊಡಬೇಕು. ಕಾಯ್ದೆಯ ಲೆಕ್ಕ ಇದು. ದಾಖಲೆ ಕಮ್ಮಿ ಇದ್ದರೆ ಫೈಲು ಅಲ್ಲೇ ಕೂರುತ್ತದೆ. ಹಾಗಾಗಿ ಕಾರ್ಯಾಗಾರದಲ್ಲೇ ಒಂದು ನಮೂನೆ ಅರ್ಜಿ ತುಂಬಿಸಿ: ಮಾಲೀಕತ್ವದ ಪತ್ರ, ನಕ್ಷೆ, ಜಾಗದ ಫೋಟೋ, ದೂರ, ಎತ್ತರ. ಈ ತಾಲೀಮಿಗೆ ಒಂದು ಗಂಟೆ ಕೊಟ್ಟರೂ ಜಾಸ್ತಿ ಆಗಲ್ಲ.

"ನನ್ನ ಮನೆ ಸೋರ್ತಿದೆ, ಹೆಂಚು ಬದಲಾಯಿಸಲೂ ಬಿಡಲ್ಲ" ಅಂತ ಯಾರಾದ್ರೂ ಎದ್ದು ಕೂಗಾಡಿದ್ರೆ?

ಕೂಗಾಡಲಿ. ನಿಮ್ಮ ಕಾರ್ಯಾಗಾರಕ್ಕೆ ಸರಿಯಾದ ಮನುಷ್ಯ ಬಂದಿದ್ದಾರೆ ಅಂತ ಅರ್ಥ. ಅವರ ತೊಂದರೆ ನಿಜವಾದದ್ದು. ಇಲಾಖೆಯ ಪರ ವಕಾಲತ್ತು ವಹಿಸಬೇಡಿ, ಇಲಾಖೆಯನ್ನು ಬೈಯಲೂ ಬೇಡಿ. ಅವರದ್ದು ಯಾವ ಸರ್ವೆ ನಂಬರ್, ಅರ್ಜಿ ಹಾಕಿದ್ದಾರಾ, ಲಿಖಿತ ಉತ್ತರ ಬಂದಿದೆಯಾ ಅಂತ ಕೇಳಿ ಬೋರ್ಡಿನ ಮೇಲೆ ಬರೆಯಿರಿ. ಬಾಯಿ ಮಾತಲ್ಲಿ "ಆಗಲ್ಲ" ಅನ್ನಿಸಿಕೊಂಡು ಬಂದವರು ಜಾಸ್ತಿ ಇರುತ್ತಾರೆ. ಬಾಯಿ ಮಾತಿನ ಮೇಲೆ ಯಾರೂ ಮೇಲ್ಮನವಿ ಹೋಗಲಾರರು. ಲಿಖಿತ ಅರ್ಜಿಗೆ ಲಿಖಿತ ಉತ್ತರ ಕೇಳುವುದನ್ನು ಕಲಿಸಿದರೆ ಅರ್ಧ ಸಿಟ್ಟು ಇಳಿಯುತ್ತದೆ.

ಇಂಥ ಮಾತಿಗೆ ಕಾರ್ಯಕ್ರಮದಲ್ಲೇ ಸಮಯ ಇಡಿ, ಅದೂ ಬೆಳಗ್ಗೆಯೇ. ಕೊನೆಗೆ ತಳ್ಳಿದರೆ ಇಡೀ ದಿನ ಒಳಗೊಳಗೇ ಕುದಿಯುತ್ತಿರುತ್ತದೆ.

ಅಧಿಕಾರಿಗಳನ್ನ ಕರೆದ್ರೆ ಉದ್ಘಾಟನೆ, ಹಾರ, ಭಾಷಣದಲ್ಲೇ ಅರ್ಧ ದಿನ ಹೋಗುತ್ತೆ. ಏನ್ಮಾಡೋದು?

ವೇದಿಕೆಯನ್ನೇ ತೆಗೆದುಬಿಡಿ. ಸುತ್ತು ಕುರ್ಚಿ ಹಾಕಿ. ಅಧಿಕಾರಿಗೆ "ಉದ್ಘಾಟನೆ" ಅಂತ ಪತ್ರ ಬರೆಯಬೇಡಿ, "ಪ್ರಶ್ನೋತ್ತರ" ಅಂತ ಬರೆಯಿರಿ, ಪ್ರಶ್ನೆಗಳನ್ನು ಮೊದಲೇ ಕಳಿಸಿ.

ಶಿಕ್ಷೆ ಬಗ್ಗೆ ಎಷ್ಟು ಹೇಳಬೇಕು? ಹೆದರಿಸಿದ್ರೆ ಕೇಳ್ತಾರಾ?

ಒಂದೇ ಸಲ, ಚುಟುಕಾಗಿ ಹೇಳಿ. ಕೇಂದ್ರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ನಿಷೇಧಿತ ಪ್ರದೇಶದಲ್ಲಿ ಕಟ್ಟಿದರೆ, ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಇಲ್ಲದೆ ಕಟ್ಟಿದರೆ ಇದೇ ಪ್ರಮಾಣ. ಗೋಡೆ ಮೇಲೆ ಹೆಸರು ಕೆತ್ತುವ ಹುಡುಗರಿಗೂ ಇದು ತಾಗುತ್ತದೆ ಅಂತ ಶಾಲೆಯಲ್ಲಿ ಹೇಳಿ, ಗಕ್ಕನೆ ಕಿವಿ ನಿಮಿರುತ್ತದೆ. ಅದಕ್ಕಿಂತ ಜಾಸ್ತಿ ಎಳೆದರೆ ಸ್ಮಾರಕ ಅಂದರೆ ಊರಿಗೆ ಅಂಟಿದ ಶನಿ ಅನ್ನುವ ಭಾವನೆ ಬರುತ್ತದೆ.

## ದುರಸ್ತಿಯ ಮಾನದಂಡ

ಮಾನದಂಡ ಅಂದ್ರೆ ಏನು? ಕಾನೂನಿಗೂ ಅದಕ್ಕೂ ಏನು ವ್ಯತ್ಯಾಸ?

ಏನು ಮಾಡಬಹುದು, ಏನು ಮಾಡಬಾರದು ಅಂತ ಕಾನೂನು ಹೇಳುತ್ತದೆ. ಮಾಡುವುದನ್ನು ಹೇಗೆ ಮಾಡಬೇಕು ಅಂತ ಮಾನದಂಡ ಹೇಳುತ್ತದೆ. ಎಎಸ್ಐ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ಬರೆದ ಸಂರಕ್ಷಣಾ ಕೈಪಿಡಿ ನಮ್ಮಲ್ಲಿ ಬಹಳ ಕಾಲ ಆಧಾರವಾಗಿತ್ತು. 1964ರ ವೆನಿಸ್ ಸನ್ನದು ಅಂತರರಾಷ್ಟ್ರೀಯ ಮಟ್ಟದ್ದು. ಎಎಸ್ಐ 2014ರಲ್ಲಿ ತನ್ನದೇ ರಾಷ್ಟ್ರೀಯ ನೀತಿ ತಂದಿತು. ಸಂರಕ್ಷಿತವಲ್ಲದ ಕಟ್ಟಡಗಳ ಬಗ್ಗೆ ಯೋಚಿಸಲು ಪರಂಪರೆ ಉಳಿಸಲು ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ 2004ರ ಸನ್ನದು ನೋಡಿ. ಕುಶಲಕರ್ಮಿಗಳ ಪರಂಪರೆಗೆ ಅದರಲ್ಲಿ ಒಳ್ಳೆಯ ಜಾಗ ಇದೆ.

ಜನರ ಮುಂದೆ ಈ ಹೆಸರುಗಳ ಪಟ್ಟಿ ಓದಬೇಡಿ. ನಾಲ್ಕು ಮಾತು ಸಾಕು: ಆದಷ್ಟು ಕಮ್ಮಿ ಕೈ ಹಾಕಿ, ಹಳೆಯದಕ್ಕೆ ಹೊಂದುವ ಸಾಮಗ್ರಿ ಬಳಸಿ, ಮಾಡಿದ್ದನ್ನು ನಾಳೆ ತೆಗೆಯುವ ಹಾಗಿರಲಿ, ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಫೋಟೋ, ಅಳತೆ ದಾಖಲಿಸಿ.

ಸಿಮೆಂಟ್ ಗಟ್ಟಿ ಅಲ್ವಾ? ಯಾಕೆ ಬೇಡ ಅಂತೀರಿ?

ಗಟ್ಟಿ ಇರುವುದೇ ತೊಂದರೆ. ಹಳೆಯ ಗೋಡೆ ನೆಲದ ತೇವ ಹೀರುತ್ತದೆ, ಸುಣ್ಣದ ಗಾರೆಯ ಸಂದಿನಿಂದ ಅದು ಆರಿಹೋಗುತ್ತದೆ. ಸಂದಿಗೆ ಸಿಮೆಂಟ್ ಮೆತ್ತಿದರೆ ನೀರು ಕಲ್ಲಿನ ಮೈಯಿಂದಲೇ ಹೊರಗೆ ಬರಬೇಕು. ನೀರಿನ ಜೊತೆ ಬಂದ ಉಪ್ಪು ಕಲ್ಲಿನೊಳಗೇ ಹರಳುಗಟ್ಟುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಮೆತ್ತಿದ ಸಿಮೆಂಟ್ ಹಾಗೇ ಇರುತ್ತದೆ, ಪಕ್ಕದ ಕಲ್ಲು ಚಕ್ಕೆ ಚಕ್ಕೆ ಉದುರುತ್ತಿರುತ್ತದೆ. ಇನ್ನು ನಮ್ಮ ಚಾಲುಕ್ಯ, ಹೊಯ್ಸಳ ಗುಡಿಗಳ ಕಲ್ಲುಗಳು ಬಹುಪಾಲು ಗಾರೆಯೇ ಇಲ್ಲದೆ ಒಂದಕ್ಕೊಂದು ಕೂತಿರುವಂಥವು.

ಇದನ್ನು ಮಾತಲ್ಲಿ ಹೇಳುವುದಕ್ಕಿಂತ ತೋರಿಸಿ. ಹಲವು ವಾರ ಮುಂಚೆಯೇ ಎರಡು ಸಣ್ಣ ಬಿಲ್ಲೆ ಎರಕ ಹಾಕಿಸಿ, ಒಂದು ಸುಣ್ಣದ ಗಾರೆ, ಒಂದು ಸಿಮೆಂಟ್. ಸುಣ್ಣಕ್ಕೆ ಗಾಳಿ ತಾಗಿ ಗಟ್ಟಿಯಾಗಲು ಸಮಯ ಬೇಕು, ಹಿಂದಿನ ದಿನ ಮಾಡಿದರೆ ಕೈಗೆ ಪುಡಿ ಬರುತ್ತದೆ. ಮೇಲೆ ಒಂದೊಂದು ಹನಿ ನೀರು ಬಿಡಿ. ಸುಣ್ಣ ತಟ್ಟನೆ ಕುಡಿಯುತ್ತದೆ, ಸಿಮೆಂಟಿನ ಮೇಲೆ ಹನಿ ನಿಂತಿರುತ್ತದೆ. ಮೊಳೆಯಿಂದ ಗೀರಿ ನೋಡಲು ಕೊಡಿ. ಬೆಲ್ಲ, ಅಳಲೆಕಾಯಿ ನೀರು ಹಾಕಿ ಗಾರೆ ಅರೆದು ಗೊತ್ತಿರುವ ಹಿರಿಯ ಮೇಸ್ತ್ರಿ ಸಿಕ್ಕರೆ ಆ ಹೊತ್ತಿನ ಮೇಷ್ಟ್ರು ಅವರೇ.

ಪೂಜೆ ನಡೆಯೋ ಗುಡಿ. ಜೀರ್ಣೋದ್ಧಾರ ಸಮಿತಿಯವರು ಟೈಲ್ಸ್, ಪೇಂಟ್ ಅಂತ ನಿಂತಿದ್ದಾರೆ. ಅವರಿಗೆ ಏನು ಹೇಳೋದು?

ಭಕ್ತಿಯ ಮೇಲೆ ಮಾತಾಡಬೇಡಿ. ಅವರು ಮನೆ ಮನೆ ತಿರುಗಿ ದುಡ್ಡು ಕೂಡಿಸಿದ್ದಾರೆ, ದೇವರಿಗೆ ಚೆನ್ನಾಗಿರಲಿ ಅಂತಲೇ. "ಯಾವುದು ಬಾಳಿಕೆ ಬರುತ್ತದೆ" ಅನ್ನುವ ಕಡೆ ಮಾತು ತನ್ನಿ. ಆಯಿಲ್ ಪೇಂಟ್ ಬಳಿದರೆ ಕೆತ್ತನೆಯ ಸಣ್ಣ ಗೆರೆಗಳು ಮುಚ್ಚುತ್ತವೆ. ಅದನ್ನು ತೆಗೆಯಲು ಮರಳು ಉಜ್ಜಿಸಿದರೆ ಬಳಪದ ಕಲ್ಲಿನ ಮೈಯೇ ಹೋಗುತ್ತದೆ, ಅದು ಉಗುರಿಗೂ ಗೀರುವಷ್ಟು ಮೃದು. ನೆಲಕ್ಕೆ ಗ್ರಾನೈಟ್ ಹಾಸಿದರೆ ಕೆಳಗಿನ ಶಾಸನದ ಕಲ್ಲು ಎಲ್ಲಿ ಹೋಯಿತು ಅಂತ ಆಮೇಲೆ ಯಾರಿಗೂ ಗೊತ್ತಿರಲ್ಲ.

ಕಾನೂನಿನ ಮಾತೂ ಇದೆ. ಗುಡಿ ಸಂರಕ್ಷಿತವಾದರೆ ಒಂದು ಕಲ್ಲು ಕದಲಿಸಲೂ ಇಲಾಖೆಯ ಅನುಮತಿ ಬೇಕು, ಪೂಜೆ ನಡೆದುಕೊಂಡು ಹೋಗಬಹುದು. ಮುಜರಾಯಿ ಗುಡಿಯಾದರೆ ಧಾರ್ಮಿಕ ದತ್ತಿ ಇಲಾಖೆಯನ್ನೂ ಕೇಳಬೇಕು. ಸಮಿತಿಯವರನ್ನು ಮಾಳಿಗೆ ಹತ್ತಿಸಿ, ಬೆಳೆದ ಅರಳಿ ಸಸಿ, ಕಸ ಕಟ್ಟಿಕೊಂಡ ನೀರಿನ ದೋಣಿ ತೋರಿಸಿ. ಅವರ ದುಡ್ಡು ಮೊದಲು ಖರ್ಚಾಗಬೇಕಾದ ಜಾಗ ಅದು.

## ತೊಡಕಿನ ಪ್ರಶ್ನೆಗಳು

ಹೊಲ ಉಳುವಾಗ ಶಾಸನವೋ ಮೂರ್ತಿಯೋ ನಾಣ್ಯದ ಗಡಿಗೆಯೋ ಸಿಕ್ಕರೆ?

ಅಲ್ಲೇ ಬಿಟ್ಟು ಫೋಟೋ ತೆಗೆಯಿರಿ, ತಹಶೀಲ್ದಾರರಿಗೆ ಮತ್ತು ಪುರಾತತ್ವ ಇಲಾಖೆಗೆ ತಿಳಿಸಿ. ನಿಧಿಯಾದರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸುವುದು ಕಡ್ಡಾಯ. ಹೊಲ ಹೋಗಿಬಿಡುತ್ತದೆ ಅನ್ನುವ ಭಯಕ್ಕೇ ಎಷ್ಟೋ ವೀರಗಲ್ಲುಗಳು ಬಾವಿ ಸೇರುತ್ತವೆ. ಒಂದು ಕಲ್ಲು ಸಿಕ್ಕಿದ ಮಾತ್ರಕ್ಕೆ ಹೊಲ ಸಂರಕ್ಷಿತ ಪ್ರದೇಶ ಆಗಿಬಿಡುವುದಿಲ್ಲ, ಅದಕ್ಕೆ ಅಧಿಸೂಚನೆ ಆಗಬೇಕು, ಆಕ್ಷೇಪಣೆಗೆ ಅವಕಾಶ ಇರುತ್ತದೆ ಅಂತ ಬಿಡಿಸಿ ಹೇಳಿ. ನೂರು ವರ್ಷ ದಾಟಿದ ಮೂರ್ತಿ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪುರಾತನ ವಸ್ತುವಿನ ಲೆಕ್ಕಕ್ಕೆ ಬರುತ್ತವೆ. ಖಾಸಗಿಯವರು ಅವನ್ನು ದೇಶದ ಹೊರಗೆ ಸಾಗಿಸುವಂತಿಲ್ಲ.

ಒಂದು ಒಳ್ಳೆಯ ಚಟುವಟಿಕೆ ಹೇಳುತ್ತೇನೆ. ಶಾಸನ ತಜ್ಞ ಬಿ.ಎಲ್. ರೈಸ್ 1886ರಲ್ಲಿ ಶುರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಇವೆ. ನಿಮ್ಮ ಊರಿನ ಶಾಸನಗಳನ್ನು ಪಟ್ಟಿ ಮಾಡಿ, ಗುಂಪುಗಳಿಗೆ ಹಂಚಿ, ಇವತ್ತು ಆ ಕಲ್ಲು ಎಲ್ಲಿದೆ ಅಂತ ಹುಡುಕಲು ಕಳಿಸಿ. ಒಂದು ಬಚ್ಚಲಲ್ಲಿ ಸಿಗುತ್ತದೆ, ಒಂದು ಬಸ್ ಸ್ಟ್ಯಾಂಡಿನ ಕಟ್ಟೆಯಲ್ಲಿ.

ಯಾವ ಪಟ್ಟಿಯಲ್ಲೂ ಇಲ್ಲದ ಹಳೇ ಮನೆ, ಮಾರುಕಟ್ಟೆ ಕಟ್ಟಡಗಳಿಗೆ ಏನು ಗತಿ?

ಸ್ಮಾರಕ ಕಾಯ್ದೆಗಳ ಕೈ ಅಲ್ಲಿಗೆ ಎಟಕುವುದಿಲ್ಲ. ನಗರ ಯೋಜನೆ, ವಲಯ ನಿಯಮಗಳ ದಾರಿ ಹಿಡಿಯಬೇಕು. ಮೈಸೂರಿನ ಉದಾಹರಣೆಯನ್ನು ಚರ್ಚೆಗೆ ಇಡಿ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಿ ಕಟ್ಟಬೇಕಾ, ದುರಸ್ತಿ ಮಾಡಬೇಕಾ ಅನ್ನುವ ಜಗಳ ವರ್ಷಗಟ್ಟಲೆ ನಡೆಯಿತು. ಒಂದು ಗುಂಪು ಅಂಗಡಿಯವರಾಗಲಿ, ಒಂದು ಪಾಲಿಕೆಯಾಗಲಿ, ಒಂದು ಪರಂಪರೆ ತಜ್ಞರಾಗಲಿ. ಅಂಗಡಿಯವರ ಪಾತ್ರವನ್ನು ಕಟ್ಟಡ ಪ್ರೇಮಿಗಳಿಗೇ ಕೊಡಿ, ಮಜಾ ಇರುತ್ತದೆ.

ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ರೆ ಬೇರೆ ಕಾನೂನು ಬರುತ್ತಾ?

ಯುನೆಸ್ಕೊ ಬಂದು ಯಾರ ಮನೆಯನ್ನೂ ಒಡೆಯುವುದಿಲ್ಲ. ಇಲ್ಲಿನ ಕಾನೂನೇ ನಡೆಯುವುದು, ಆದರೆ ಹೊರಗಿನ ಕಣ್ಣು ಬೀಳುತ್ತದೆ. ಪಟ್ಟದಕಲ್ಲು 1987ರಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಸೇರಿದವು. ಪಾಠಕ್ಕೆ ಹಂಪಿಯಷ್ಟು ಚೆನ್ನಾದ ಉದಾಹರಣೆ ಇನ್ನೊಂದಿಲ್ಲ. 1986ರಲ್ಲಿ ಪಟ್ಟಿಗೆ ಸೇರಿತು. ತೂಗುಸೇತುವೆಗಳ ಕಾಮಗಾರಿಯಿಂದ 1999ರಲ್ಲಿ ಅಪಾಯದ ಪಟ್ಟಿಗೆ ಹೋಯಿತು, 2006ರಲ್ಲಿ ಹೊರಬಂತು. ಆನೆಗೊಂದಿಯ ಸೇತುವೆ 2009ರಲ್ಲಿ ಕಟ್ಟುತ್ತಿರುವಾಗಲೇ ಕುಸಿಯಿತು. ಹಂಪಿ ಎದುರಿನ ನಡುಗಡ್ಡೆಯಾದ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳ ತೆರವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿಯಿತು. ಹೊಳೆ ದಾಟಲು ಸೇತುವೆ ಬೇಕು ಅನ್ನುವುದು ಜನರ ನ್ಯಾಯವಾದ ಬೇಡಿಕೆಯೇ. ಸೇತುವೆ ಎಲ್ಲಿ ಬರಬೇಕಿತ್ತು ಅನ್ನುವ ಪ್ರಶ್ನೆಯನ್ನು ನಕ್ಷೆ ಹರಡಿ ಚರ್ಚಿಸಿ.

ನಿಯಮ ಮಾಡುವಾಗ ನಮ್ಮನ್ನ ಯಾರು ಕೇಳ್ತಾರೆ?

ಕೇಳುತ್ತಾರೆ, ಗೊತ್ತಾಗುವುದಿಲ್ಲ ಅಷ್ಟೇ. 2010ರ ತಿದ್ದುಪಡಿ ಪ್ರಕಾರ ಪ್ರತಿ ಸ್ಮಾರಕಕ್ಕೂ ಪರಂಪರೆ ಉಪವಿಧಿ ಅಂತ ಆಗಬೇಕು. ಸುತ್ತಲಿನ ಮನೆಗಳ ಎತ್ತರ, ಮಾಡಿನ ರೀತಿ, ಮುಂಭಾಗ ಹೇಗಿರಬೇಕು ಅನ್ನುವುದೆಲ್ಲ ಅದರಲ್ಲಿ ಬರುತ್ತದೆ. ಕರಡು ಪ್ರಕಟಿಸಿ ಜನರ ಅಭಿಪ್ರಾಯ ಕೇಳುತ್ತಾರೆ. ನಿಮ್ಮ ಸ್ಮಾರಕದ ಕರಡು ಬಂದಿದ್ದರೆ, ಎರಡನೇ ಕಾರ್ಯಾಗಾರದ ವಿಷಯ ಅದೇ ಆಗಲಿ. "ನಮಗೆ ಇಷ್ಟ ಇಲ್ಲ" ಅನ್ನುವ ಪತ್ರ ಕಸದ ಬುಟ್ಟಿಗೆ. ಇಂಥ ಸರ್ವೆ ನಂಬರಿನಲ್ಲಿ ಇಂಥ ಷರತ್ತು ಯಾಕೆ ಸರಿಹೋಗದು, ಬದಲಿಗೆ ಏನಿರಬೇಕು ಅಂತ ಬರೆದರೆ ಓದುತ್ತಾರೆ.

ಹಂಚಿದ ಕೈಪಿಡಿ ಹಳೆಯದಾಗಿಬಿಟ್ರೆ?

ಆಗುತ್ತದೆ. 2018ರಲ್ಲಿ ಲೋಕಸಭೆ ಒಂದು ತಿದ್ದುಪಡಿ ಮಸೂದೆ ಒಪ್ಪಿತು, ನಿಷೇಧಿತ ಪ್ರದೇಶದಲ್ಲಿ ಸರ್ಕಾರಿ ಕಾಮಗಾರಿಗೆ ದಾರಿ ಮಾಡಿಕೊಡುವಂಥದ್ದು. ಅದು ಆಗ ಕಾಯ್ದೆಯಾಗಲಿಲ್ಲ. ಆದರೂ "ಕಾನೂನು ಬದಲಾಗಿದೆಯಂತೆ" ಅನ್ನುವ ಮಾತು ಓಡಾಡುತ್ತಿರುತ್ತದೆ. ಕೈಪಿಡಿಯ ಮೊದಲ ಪುಟದಲ್ಲಿ ಯಾವ ತಿಂಗಳಿನ ಮಾಹಿತಿ ಅಂತ ದೊಡ್ಡದಾಗಿ ಹಾಕಿ. ಎರಡೇ ಹಾಳೆ ಸಾಕು: ಒಂದರಲ್ಲಿ ನಿಮ್ಮ ಸ್ಮಾರಕದ ನಕ್ಷೆ, ಎರಡು ಗೆರೆ ಸಮೇತ, ಇನ್ನೊಂದರಲ್ಲಿ ಯಾವ ಕೆಲಸಕ್ಕೆ ಯಾವ ಕಚೇರಿ. ಇದನ್ನು ಪಂಚಾಯಿತಿ ಗೋಡೆಗೂ ಅಂಟಿಸಿ.

ಕಾರ್ಯಾಗಾರ ಉಪಯೋಗ ಆಯ್ತಾ ಅಂತ ಹೇಗೆ ಗೊತ್ತಾಗುತ್ತೆ?

ಅಭಿಪ್ರಾಯದ ಚೀಟಿಯಲ್ಲಿ ಎಲ್ಲರೂ "ಚೆನ್ನಾಗಿತ್ತು" ಅಂತಲೇ ಬರೆಯುತ್ತಾರೆ, ಊಟ ಚೆನ್ನಾಗಿದ್ದರೆ ಇನ್ನೂ ಜಾಸ್ತಿ. ಆರು ತಿಂಗಳು ಬಿಟ್ಟು ಪಂಚಾಯಿತಿಗೆ ಹೋಗಿ ಕೇಳಿ: ಮನೆ ಲೈಸೆನ್ಸ್ ಕೇಳಲು ಬಂದವರಲ್ಲಿ ಯಾರಾದರೂ ಸ್ಮಾರಕದ ದೂರ ತಾವಾಗೇ ಹೇಳಿದರಾ? ಅರ್ಜಿ ಎಷ್ಟು ಹೋಗಿವೆ, ಎಷ್ಟಕ್ಕೆ ಲಿಖಿತ ಉತ್ತರ ಬಂದಿದೆ? ಮೇಸ್ತ್ರಿಗಳಲ್ಲಿ ಯಾರಾದರೂ ಕೆಲಸ ಒಪ್ಪುವ ಮುಂಚೆ ಫೋನ್ ಮಾಡಿ ವಿಚಾರಿಸಿದರಾ? ಉತ್ತರಗಳನ್ನು ಬರೆದಿಟ್ಟುಕೊಂಡು ಮುಂದಿನ ಕಾರ್ಯಾಗಾರದ ಮೂರು ಚೀಟಿಗಳನ್ನು ಅದರಿಂದಲೇ ತಯಾರಿಸಿ, ಹೆಸರು ಮಾತ್ರ ಬದಲಾಯಿಸಿ.